ಮೂಟೆಯ ಇಲಿ, ಇಲಿಯ ಚಿಗಟ



ಬೆಲೆ ಏರಲಿ ಅಂತ ಜೋಳ, ರಾಗಿ ಮೂಟೆಗಳನ್ನು ಮಲಗುವ ಕೋಣೆಯಲ್ಲೇ ಒಟ್ಟಿಕೊಂಡು ಕಾಯುತ್ತೀರಿ. ಬೇರೆ ದಾರಿ ಏನಿದೆ? ಆದರೆ ಮೂಟೆಯ ಹಿಂದೆ ಇಲಿ ಬರುತ್ತೆ, ಇಲಿಯ ಮೈಮೇಲೆ ಚಿಗಟ ಬರುತ್ತೆ. ಆ ಚಿಗಟದಿಂದ ಹರಡುವ ಒಂದು ಜ್ವರವೇ ಟೈಫಸ್. ಟೈಫಾಯ್ಡ್ ಅಲ್ಲ, ಹೆಸರು ಹತ್ತಿರ, ರೋಗ ಬೇರೆ. 1931ರಲ್ಲೇ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಇಲಿ ಚಿಗಟದಲ್ಲಿ ಇದರ ರೋಗಾಣು ಸಿಕ್ಕಿತ್ತು. ಕಡಿತಕ್ಕಿಂತ ಚಿಗಟದ ಹಿಕ್ಕೆಯೇ ಅಪಾಯ. ಕೆರೆದುಕೊಂಡರೆ ಅದು ಗಾಯದೊಳಗೆ ಇಳಿಯುತ್ತೆ.

ಒಂದೆರಡು ವಾರಕ್ಕೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು. ಕೆಲವು ದಿನ ಕಳೆದು ಎದೆ, ಹೊಟ್ಟೆಯ ಮೇಲೆ ಕೆಂಪು ದದ್ದು ಏಳಬಹುದು. ನಮ್ಮ ಕಪ್ಪು ಮೈಯಲ್ಲಿ ಕಾಣದೆಯೂ ಹೋಗಬಹುದು. ದದ್ದಿಲ್ಲ ಅಂತ ಸುಮ್ಮನಿರಬೇಡಿ. ‘ಮನೆ ತುಂಬ ಇಲಿ, ಚಿಗಟ’ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ; ಕೇಳುವಷ್ಟು ಪುರುಸೊತ್ತು ಅವರಿಗಿರಲ್ಲ. ಇದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಅಗ್ಗದ ಮಾತ್ರೆ. ಬೇಗ ಶುರುವಾದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತೆ. ತಡವಾಗಿ ಶ್ವಾಸಕೋಶಕ್ಕೋ ಮೂತ್ರಪಿಂಡಕ್ಕೋ ತಗುಲಿದರೆ, ದೊಡ್ಡಾಸ್ಪತ್ರೆ ಖರ್ಚಿಗೆ ಅದೇ ಮೂಟೆಗಳನ್ನು ಸಿಕ್ಕಿದ ಬೆಲೆಗೆ ಕೊಡಬೇಕಾಗುತ್ತೆ.

ಇಲಿ ಪಾಷಾಣಕ್ಕೆ ಅವಸರ ಬೇಡ. ಇಲಿ ಸತ್ತರೆ ಚಿಗಟ ಸಾಯಲ್ಲ. ಹಸಿದು ನಿಮ್ಮ ಮೈಗೆ ಹಾರುತ್ತೆ. ಮೊದಲು ಆರೋಗ್ಯ ಕೇಂದ್ರದವರನ್ನು ಕೇಳಿ, ಬಿಲದ ಬಾಯಿಗೆ, ಗೋಡೆಯಂಚಿಗೆ ಚಿಗಟದ ಪುಡಿ ಹಾಕಿ, ಕಾಳಿಗೆ ತಾಗದ ಹಾಗೆ. ಹೊಲಕ್ಕೆ ಹೊಡೆಯೋ ಔಷಧಿ ಬೇಡವೇ ಬೇಡ. ಆಮೇಲೆ ಇಲಿ ಹಿಡೀರಿ. ಮೂಟೆಗಳನ್ನು ಹಲಗೆ ಮೇಲೆ, ಗೋಡೆಯಿಂದ ದೂರಕ್ಕೆ ಒಟ್ಟಿ. ಸತ್ತ ಇಲಿಯನ್ನು ಬರಿಗೈಲಿ ಎತ್ತಬೇಡಿ.