ಬರೆದುಕೊಡುವ ಮುನ್ನ

ಕೇಳುಗರೇ, “ಮನೆಯನ್ನು ಮಗನ ಹೆಸರಿಗೆ ಮಾಡಿಕೊಟ್ಟೆ, ಈಗ ಅವನು ಊಟಕ್ಕೂ ಕರೆಯುವುದಿಲ್ಲ, ಮನೆ ವಾಪಸ್ ಸಿಗುತ್ತದೆಯೇ?” ನಿಮ್ಮ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನೀವು ರುಜು ಹಾಕಿದ ಪತ್ರ ಯಾವುದು ಎಂಬುದನ್ನು ಮೊದಲು ನೋಡಿ.

ವಿಲ್ ಆಗಿದ್ದರೆ, ಬದುಕಿರುವವರೆಗೂ ಬದಲಿಸಬಹುದು. ದಾನಪತ್ರ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತೆಂದರೆ ಅಂದೇ ಮನೆ ಕೈಬಿಟ್ಟಿತು. “ನನ್ನ ಕಾಲಾನಂತರ ತಾನೇ” ಎಂದುಕೊಂಡು ದಾನಪತ್ರಕ್ಕೆ ರುಜು ಹಾಕಿದವರನ್ನು ನನ್ನ ವಕೀಲಿಯಲ್ಲಿ ಬಹಳ ಕಂಡಿದ್ದೇನೆ. ಓದು ಬಾರದವರಷ್ಟೇ ಅಲ್ಲ, ನಿವೃತ್ತ ಮೇಷ್ಟ್ರುಗಳೂ ಇದ್ದರು. ಮಗ ತಂದ ಕಾಗದವೆಂದು ಓದಿಯೇ ಇರಲಿಲ್ಲ.

“ಹಿರಿಯ ನಾಗರಿಕರ ಕಾಯ್ದೆ ಇದೆಯಲ್ಲ, ಯಾವಾಗ ಬೇಕಾದರೂ ರದ್ದು ಮಾಡಿಸಬಹುದು” ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇದನ್ನು ನಂಬಿ ಕೆಟ್ಟವರಿದ್ದಾರೆ. 2007ರ ಆ ಕಾಯ್ದೆಯ 23ನೇ ಕಲಂ ನೆರವಿಗೆ ಬರುವುದು, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದಾಗ. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟ್ ಮಧ್ಯಪ್ರದೇಶದ ತಾಯಿಯೊಬ್ಬರ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಆಕೆಯನ್ನು ಕಾಪಾಡಿದ್ದು, ಕೊನೆತನಕ ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟಿದ್ದ ವಚನಪತ್ರ.

ಆದ್ದರಿಂದ ಹೇಳುತ್ತೇನೆ: ಆದಷ್ಟೂ ವಿಲ್ ಮಾಡಿ. ದಾನವನ್ನೇ ಮಾಡುವುದಾದರೆ, “ಜೀವನಪರ್ಯಂತ ಈ ಮನೆಯಲ್ಲಿ ಇರಿಸಿಕೊಂಡು ಅನ್ನ, ಬಟ್ಟೆ, ಔಷಧಿ ನೋಡಿಕೊಳ್ಳತಕ್ಕದ್ದು, ತಪ್ಪಿದರೆ ದಾನ ರದ್ದು” ಎಂದು ಪತ್ರದೊಳಗೇ ಬರೆಸಿ. ಬಾಯಿಮಾತು ಸಾಲದು. ಮಗನಿಗೆ ಷರತ್ತು ಹಾಕುವುದು ಅವಮಾನವೆಂದು ಹಿಂಜರಿಯಬೇಡಿ. ನೋಡಿಕೊಳ್ಳುವ ಮನಸ್ಸಿರುವವನಿಗೆ ಆ ಒಂದು ಸಾಲಿನಿಂದ ನಷ್ಟವೇನು?

ಇದನ್ನೇ ಹೇಳುತ್ತಾ ಸಮಯ ಸರಿದುಹೋಯಿತು. ಉಳಿದದ್ದನ್ನು ಚುಟುಕಾಗಿ ಹೇಳುತ್ತೇನೆ. ಪಿಂಚಣಿ ಖಾತೆಯ ಎಟಿಎಂ ಕಾರ್ಡು, ಪಿನ್ ನಿಮ್ಮ ಬಳಿಯೇ ಇರಲಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ಷರತ್ತಿಲ್ಲದೆ ಮನೆ ಕೊಟ್ಟಾಗಿದೆಯೇ? ಸ್ವಂತ ಆದಾಯ ಸಾಲದಿದ್ದರೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಆಗಲೂ ಇದೆ. ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ನೀವೇ ಅರ್ಜಿ ಕೊಡಬಹುದು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಮನೆಯ ಮಾತು ಬೀದಿಗೆ ಬರುತ್ತದೆಂದು ಅಂಜಿ ಸುಮ್ಮನಿರಬೇಡಿ. ಹೆತ್ತವರನ್ನು ಬೀದಿಗೆ ಹಾಕಿದವರು ತಲೆ ತಗ್ಗಿಸಲಿ, ನೀವಲ್ಲ.