ಇಂಗ್ಲಿಷ್ ಕಳೆದುಕೊಂಡ ‘ನೀನು’

ಅಪ್ಪನಿಗೂ ‘ಯೂ’, ಆಳಿಗೂ ‘ಯೂ’. ಇಂಗ್ಲಿಷಿನಲ್ಲಿ ದೊಡ್ಡವರು ಚಿಕ್ಕವರು ಅನ್ನೋದೇ ಇಲ್ಲ. ಈ ಮಾತನ್ನು ನಮ್ಮಲ್ಲಿ ಎಷ್ಟೋ ಜನ ಹೇಳುತ್ತಾರೆ. ಆದರೆ ಇಂಗ್ಲಿಷಿನವರು ಕೈಬಿಟ್ಟದ್ದು ‘ನೀವು’ ಅಲ್ಲ, ‘ನೀನು’. ಇಂದು ಅವರು ಎಲ್ಲರಿಗೂ ಕೊಡುತ್ತಿರುವುದು ಬಹುವಚನವನ್ನೇ.

ಮೊದಲು ಒಬ್ಬರಿದ್ದರೆ ‘ದೌ’, ಹಲವರಿದ್ದರೆ ‘ಯೂ’, ಅಷ್ಟೇ ಲೆಕ್ಕ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ಅರಮನೆಗೆ ಫ್ರೆಂಚ್ ಬಂತು. ಫ್ರೆಂಚಿನಲ್ಲಿ ದೊಡ್ಡವರಿಗೆ ಬಹುವಚನ. ಆ ರೂಢಿ 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೂ ಇಳಿಯಿತು. ಒಡೆಯನಿಗೆ ಯೂ, ಆಳಿಗೆ ದೌ. ಆಪ್ತರಿಗೂ ದೇವರಿಗೂ ದೌ. ದೇವರನ್ನು ‘ನೀನೇ ಕಾಪಾಡಪ್ಪಾ’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಒಂದು ಪದಕ್ಕೆ ಎಷ್ಟು ಏಟಿನ ಬಲವಿತ್ತು ನೋಡಿ. 1603ರಲ್ಲಿ ವಿಂಚೆಸ್ಟರ್‌ನಲ್ಲಿ ಸರ್ ವಾಲ್ಟರ್ ರ‍್ಯಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಎಲಿಜಬೆತ್ ರಾಣಿಗೆ ಬೇಕಾದವನಾಗಿದ್ದ ಆ ಮನುಷ್ಯನನ್ನು ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ತುಂಬಿದ ನ್ಯಾಯಾಲಯದಲ್ಲಿ ಬೇಕೆಂದೇ ‘ದೌ’ ಎಂದು ಕರೆದ.

ಅದೇ ಶತಮಾನದ ನಡುವೆ ಜಾರ್ಜ್ ಫಾಕ್ಸ್ ಎಂಬಾತನ ಹಿಂದೆ ಕ್ವೇಕರ್ ಪಂಥ ಹುಟ್ಟಿತು. ದೇವರಿಗೇ ದೌ ಸಾಕಾದರೆ ಜಮೀನ್ದಾರನಿಗೆ ಅದಕ್ಕಿಂತ ಹೆಚ್ಚಿನದೇಕೆ? ಇದು ಅವರ ಪ್ರಶ್ನೆ. ನ್ಯಾಯಾಧೀಶನ ಎದುರಿಗೂ ಟೋಪಿ ತೆಗೆಯಲಿಲ್ಲ, ಯೂ ಅನ್ನಲಿಲ್ಲ. ಥಾಮಸ್ ಎಲ್‌ವುಡ್ ಎಂಬ ಯುವಕ ಹೆತ್ತ ತಂದೆಗೇ ‘ದೌ’ ಎಂದ. ತಂದೆ ಹೊಡೆದ, ಮಗನ ಟೋಪಿಗಳನ್ನೆಲ್ಲ ಕಿತ್ತಿಟ್ಟುಕೊಂಡ. ಮುಂದೆ ಕುರುಡ ಕವಿ ಮಿಲ್ಟನ್‌ಗೆ ಪುಸ್ತಕ ಓದಿ ಹೇಳುತ್ತಿದ್ದವನು ಇದೇ ಎಲ್‌ವುಡ್. ಏಟು ತಿಂದೂ ಬಿಡದ ಆ ಹಟದಲ್ಲಿ ನನಗೆ ಕಾಣುವುದು ಒರಟುತನವಲ್ಲ, ಎಲ್ಲರೂ ಸಮಾನರೆಂಬ ಗಟ್ಟಿ ನಂಬಿಕೆ.

ಆದರೂ ಗೆದ್ದದ್ದು ಯೂ. ಎದುರಿಗಿರುವವರು ಯಾರೋ ಏನೋ ತಿಳಿಯದ ಊರಿನಲ್ಲಿ ಬಹುವಚನವೇ ಕ್ಷೇಮ. 17ನೇ ಶತಮಾನ ಮುಗಿಯುವಾಗ ಶಿಷ್ಟ ಇಂಗ್ಲಿಷಿನ ದಿನದ ಮಾತಿನಿಂದ ದೌ ಬಹುಮಟ್ಟಿಗೆ ಮರೆಯಾಗಿತ್ತು. ಯಾರ್ಕ್‌ಷೈರ್‌ನಂಥ ಕಡೆ ಆಡುಮಾತಿನಲ್ಲಿ ಉಳಿಯಿತು, 1611ರ ಬೈಬಲ್‌ನಲ್ಲಿ ಉಳಿಯಿತು. ಕಿವಿಗೆ ಬೀಳುವುದು ಪ್ರಾರ್ಥನೆಯಲ್ಲೇ ಹೆಚ್ಚಾದ್ದರಿಂದ ಇಂದು ಅದು ಪೂಜ್ಯವಾಗಿ ಕೇಳುತ್ತದೆ.

ಎಲ್ಲರಿಗೂ ಒಂದೇ ಸರ್ವನಾಮವಾದ ಮೇಲೆ ಮರ್ಯಾದೆಯ ಹೊರೆಯನ್ನು ವಾಕ್ಯದ ಉಳಿದ ಪದಗಳು ಹೊರಬೇಕಾಯಿತು. ‘ನಿಮಗೆ ಒಪ್ಪಿಗೆಯಾದರೆ’ ಎಂಬ ಉದ್ದದ ಮಾತು ಸವೆದು ‘ಪ್ಲೀಸ್’ ಆಗಿ ನಿಂತಿತು. ‘ಕ್ಯಾನ್’ ಬದಲು ‘ಕುಡ್’, ‘ವಿಲ್’ ಬದಲು ‘ವುಡ್’: ಭೂತಕಾಲದ ರೂಪ ಹಾಕಿದರೆ ಕೋರಿಕೆ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತದೆ, ಕೇಳಿಸಿಕೊಂಡವರಿಗೆ ‘ಆಗಲ್ಲ’ ಎನ್ನಲು ಜಾಗ ಸಿಗುತ್ತದೆ. ಭಾಷಾ ವಿದ್ವಾಂಸರಾದ ಪೆನೆಲೋಪ್ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಈ ಬಗೆಯ ನಯವನ್ನು ವಿವರವಾಗಿ ಬರೆದರು. ಇಂಗ್ಲಿಷಿನ ಜೊತೆ ಅವರು ನೋಡಿದ ಭಾಷೆಗಳಲ್ಲಿ ನಮ್ಮ ನೆರೆಯ ಕೊಯಮತ್ತೂರು ಸೀಮೆಯ ಹಳ್ಳಿಯೊಂದರ ತಮಿಳೂ ಇತ್ತು.

‘ಸ್ವಲ್ಪ ಕಿಟಕಿ ಹಾಕ್ತೀರಾ?’ ಅನ್ನುವಾಗ ನಮ್ಮ ವಿನಯವೆಲ್ಲ ಆ ‘ಸ್ವಲ್ಪ’ದಲ್ಲಿ, ಆ ‘ರಾ’ದಲ್ಲಿ ಇರುತ್ತದೆ. ಇಂಗ್ಲಿಷಿಗೆ ಹೋಗುವಾಗ ಅವೆರಡೂ ಉದುರಿ ‘ಕ್ಲೋಸ್ ದಿ ವಿಂಡೋ’ ಉಳಿಯುತ್ತದೆ. ಕೇಳಿದವರಿಗೆ ಅದು ಅಪ್ಪಣೆ. ಮನಸ್ಸಿನಲ್ಲಿ ಗೌರವವಿದ್ದೂ ಒರಟರೆನಿಸಿಕೊಂಡ ನಮ್ಮವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನಯದ ಇನ್ನೊಂದು ಮುಖ ಮೆಚ್ಚುಗೆ. ಅದರ ಪದಗಳ ಹಾದಿ ಬೇರೆ. ‘ನೈಸ್’ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ದಡ್ಡ. ಮುಂದೆ ಅತಿ ಸೂಕ್ಷ್ಮ ಎಂದಾಯಿತು, 18ನೇ ಶತಮಾನಕ್ಕೆ ಹಿತವಾದದ್ದು ಎಂದಾಯಿತು. ಎಲ್ಲದಕ್ಕೂ ನೈಸ್ ಎನ್ನುವ ಚಾಳಿಯನ್ನು ಜೇನ್ ಆಸ್ಟನ್ ‘ನಾರ್ತ್ಯಾಂಗರ್ ಆ್ಯಬಿ’ ಕಾದಂಬರಿಯಲ್ಲಿ ಪಾತ್ರವೊಂದರ ಬಾಯಲ್ಲಿ ಛೇಡಿಸಿದ್ದಾಳೆ. ಆದರೂ ಪದ ಸೋಲಲಿಲ್ಲ. 1980ರ ಆಸುಪಾಸಿನಲ್ಲಿ ಜೋನ್ ಮೇನ್ಸ್ ಮತ್ತು ನೆಸ್ಸಾ ವುಲ್ಫ್‌ಸನ್ ಎಂಬ ಭಾಷಾ ವಿದ್ವಾಂಸರು ಅಮೆರಿಕನ್ನರ ನೂರಾರು ಹೊಗಳಿಕೆಯ ಮಾತುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಬಹುಪಾಲು ನೈಸ್, ಗುಡ್, ಬ್ಯೂಟಿಫುಲ್, ಪ್ರೆಟಿ, ಗ್ರೇಟ್ ಎಂಬ ಐದೇ ಗುಣವಾಚಕಗಳ ಸುತ್ತ ತಿರುಗುತ್ತಿದ್ದವು. ಅವರ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ: ಪರಿಚಯವೇ ಇಲ್ಲದವರು ಆಡಿದರೂ ಹೊಗಳಿಕೆ ಎಂದು ತಕ್ಷಣ ಗುರುತು ಸಿಗಬೇಕಾದರೆ ಪದ ಹಳೆಯದೇ ಆಗಿರಬೇಕು.