ಒಂದೇ ಪಂಕ್ತಿ

(ಮಂಡ್ಯದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇಂದು ನಾವು ಎತ್ತಿಕೊಂಡಿರುವ ವಿಷಯ ಬಹು ಹಳೆಯದು. ಎಲ್ಲರೊಳಗೂ ಇರುವ ವಸ್ತು ಒಂದೇ. ಅದನ್ನು ಕಾಣಗೊಡದೆ ಅಡ್ಡ ನಿಲ್ಲುವುದು ‘ನಾನು’ ಎಂಬ ಅಹಂಕಾರ. ಈ ಮಾತನ್ನು ಕೇಳದ ಕಿವಿ ಈ ಸಭೆಯಲ್ಲಿ ಒಂದೂ ಇರಲಾರದು. ಇಷ್ಟು ಮಂದಿ ಇಷ್ಟು ಕಾಲದಿಂದ ಕೇಳಿದ್ದೂ ಅದು ನಮ್ಮ ನಡತೆಗೆ ಇಳಿಯದಿರುವುದೇಕೆ? ನಮ್ಮ ಪ್ರಶ್ನೆ ಇದು. ಉತ್ತರಕ್ಕಾಗಿ ಕಾಶಿಗೆ ಹೋಗಬೇಕಾಗಿಲ್ಲ. ಮಳವಳ್ಳಿಯ ದಾರಿ ಹಿಡಿದರೆ ಸಾಕು.

ಮೊದಲು ಶಾಸ್ತ್ರದ ಕಥೆಯೊಂದನ್ನು ನೆನೆಯೋಣ. ಛಾಂದೋಗ್ಯೋಪನಿಷತ್ತಿನ ಶ್ವೇತಕೇತು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋದನು. ವೇದಗಳನ್ನೆಲ್ಲ ಓದಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಹಿಂತಿರುಗಿದನು. ಬರುವಾಗ ವಿದ್ಯೆಯ ಜೊತೆಗೆ ಬಿಗುಮಾನವನ್ನೂ ತಂದನು. ತಂದೆಯಾದ ಉದ್ದಾಲಕನು ಅದನ್ನು ಕಂಡು, ಮಗನ ಕೈಯಿಂದಲೇ ನೀರಿನಲ್ಲಿ ಉಪ್ಪು ಹಾಕಿಸಿದನು. ಮರುದಿನ ಬೆಳಿಗ್ಗೆ ಆ ಉಪ್ಪನ್ನು ತೆಗೆದುಕೊಡೆಂದರೆ ಅದು ಕೈಗೆ ಸಿಕ್ಕಲಿಲ್ಲ. ಆದರೆ ಮೇಲಿನಿಂದ, ನಡುವಿನಿಂದ, ತಳದಿಂದ, ಎಲ್ಲಿಂದ ಕುಡಿದರೂ ನೀರು ಉಪ್ಪಾಗಿಯೇ ಇದ್ದಿತು. ಉಪ್ಪು ಎಲ್ಲ ಕಡೆಯೂ ಇರಬೇಕಾದರೆ ಅದು ಮೊದಲು ಹರಳಾಗಿ ಇರುವುದನ್ನು ಬಿಡಬೇಕು. ಸಕ್ಕರೆಯ ಊರಿನವರಾದ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲವಷ್ಟೆ.

ಇದೇ ತತ್ತ್ವವನ್ನು ಅಕ್ಷರವರಿಯದವರು ಈ ಸೀಮೆಯಲ್ಲಿ ರಾತ್ರಿಯಿಡೀ ಹಾಡುತ್ತ ಬಂದಿದ್ದಾರೆ. ತಂಬೂರಿ, ಗಗ್ಗರ, ತಾಳಗಳನ್ನು ಹಿಡಿದು ಮನೆಮನೆಗೆ ಬರುವ ನೀಲಗಾರರನ್ನು ನೀವು ಕಂಡಿದ್ದೀರಿ. ಅವರು ಹಾಡುವುದು ಧರೆಗೆ ದೊಡ್ಡವರೆಂದು ಜನ ಕರೆಯುವ ಮಂಟೇಸ್ವಾಮಿಯ ಕಥೆಯನ್ನು. ಆ ಸ್ವಾಮಿಯ ಗದ್ದುಗೆ ಇರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಹಾಡುವವರಿಂದ ಹಾಡುವವರಿಗೆ ಕಥೆಯಲ್ಲಿ ಹೆಚ್ಚು ಕಡಿಮೆ ಉಂಟು; ತಿರುಳು ಮಾತ್ರ ಒಂದೇ.

ಕಲ್ಯಾಣದಲ್ಲಿ ಬಸವಣ್ಣನವರ ಮನೆಯ ಬಾಗಿಲಲ್ಲಿ ನಿತ್ಯ ದಾಸೋಹ. ಲಕ್ಷದ ಮೇಲೆ ಜಂಗಮರು ಅಲ್ಲಿ ಉಣ್ಣುತ್ತಿದ್ದರೆಂದು ಕಥೆ ಹೇಳುತ್ತದೆ. ಅಲ್ಲಿಗೆ ಮಂಟೇಸ್ವಾಮಿ ಬರುವುದು ಕೊಳೆತು ನಾರುವ ಮೈಯ ಕುಷ್ಠರೋಗಿಯ ವೇಷದಲ್ಲಿ. ವಿಭೂತಿ ಧರಿಸಿದ ಜಂಗಮರು ಮೂಗು ಮುಚ್ಚಿಕೊಂಡು ಅವನನ್ನು ಬಾಗಿಲಿಂದಾಚೆಗೆ ಅಟ್ಟುತ್ತಾರೆ. ಅವನು ತಿಪ್ಪೆಯ ಮೇಲೆ ಹೋಗಿ ಬೀಳುತ್ತಾನೆ. ಬಂದವರಾರೆಂಬುದು ಬಸವಣ್ಣನವರಿಗೂ ನೀಲಮ್ಮನವರಿಗೂ ಕೊನೆಗೆ ಅರಿವಾಗುತ್ತದೆ. ತಿಪ್ಪೆಗೆ ಓಡಿ ಬಂದು ಆ ಮೈಯನ್ನು ತಮ್ಮ ಕೈಯಾರೆ ಎತ್ತಿಕೊಳ್ಳುತ್ತಾರೆ.

ಈ ಕಥೆ ಬಸವಣ್ಣನವರನ್ನು ಕಿರಿದು ಮಾಡುವುದಕ್ಕೆ ಹುಟ್ಟಿದುದಲ್ಲ. ಕಥೆಯ ಕಣ್ಣು ಮತ್ತೊಂದು ಕಡೆಗಿದೆ. ಹಣವಿದ್ದವನಿಗೆ ಹಣದ ಅಹಂಕಾರವಿರುವುದನ್ನು ಎಲ್ಲರೂ ಬಲ್ಲರು. ದಾನ ಮಾಡುವವನಿಗೆ ದಾನದ ಅಹಂಕಾರ, ಸಮಾನತೆಯನ್ನು ಸಾರುವವನಿಗೆ ಆ ಸಾರಿಕೆಯದೇ ಅಹಂಕಾರ ಉಂಟಾಗುವುದನ್ನು ಬಲ್ಲವರು ಕೆಲವರೇ. ಜಗತ್ತೆಲ್ಲ ಸಮನೆಂದು ಹೊರಟ ಕಲ್ಯಾಣದ ಬಾಗಿಲಲ್ಲಿಯೂ ಒಬ್ಬನು ಹೊರಗೆ ಉಳಿದನೆ? ಈ ಪ್ರಶ್ನೆಯನ್ನು ಕೇಳಿದವರು ಪಂಡಿತರಲ್ಲ, ತಾವೇ ಹೊರಗೆ ಉಳಿದ ಜನ.

ಕಥೆಯ ಇನ್ನೊಂದು ಸಾಲು ಇಲ್ಲಿಯೇ ಹಲಗೂರಿನಲ್ಲಿ ನಡೆಯುತ್ತದೆ. ಕಮ್ಮಾರರ ಮನೆಯ ಮಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನನ್ನಾಗಿ ಮಾಡಿಕೊಂಡು ಸಿದ್ದಪ್ಪಾಜಿ ಎಂದು ಕರೆಯುತ್ತಾನೆ. ಬಳಿಕ ಅವನಿಗೆ ಒಪ್ಪಿಸುವ ಕೆಲಸವೇನು? ಹಲಗೂರಿಗೆ ಹೋಗಿ ಕಬ್ಬಿಣದ ಭಿಕ್ಷೆ ಬೇಡಿ ತರುವುದು. ಗೊತ್ತಿಲ್ಲದ ಊರಿನಲ್ಲಿ ಭಿಕ್ಷೆ ಬೇಡುವುದು ಸುಲಭ. ತನ್ನ ಕುಲದವರ ಬೀದಿಯಲ್ಲಿ ಕೈಯೊಡ್ಡಿ ನಿಲ್ಲುವುದು ಸುಲಭವಲ್ಲ. ಅವನ ಸ್ವಜನರೇ ಅವನಿಗೆ ವಿಷವನ್ನು ಕೊಡುತ್ತಾರೆ. ಅವನು ಅದನ್ನೂ ಕುಡಿದು ಉಳಿಯುತ್ತಾನೆ. ವಿಷ ಕುಡಿದು ಬದುಕಿದುದನ್ನು ಜನ ಪವಾಡವೆನ್ನುತ್ತಾರೆ. ಬೇಡಲು ಆ ಬಾಗಿಲಿಗೆ ಹೋದುದೇ ದೊಡ್ಡ ಪವಾಡವೆಂದು ನಮಗೆ ತೋರುತ್ತದೆ. ಇದು ಒಂದು ಕುಲದ ಮೇಲಿನ ದೂರೆಂದು ಯಾರೂ ತಿಳಿಯಬಾರದು. ಆ ಬೀದಿಯಲ್ಲಿ ನಮ್ಮ ನಿಮ್ಮೆಲ್ಲರ ಮನೆಗಳೂ ಇವೆ.

ಇಷ್ಟನ್ನು ಹೇಳಿದ ಮೇಲೆ ನಮ್ಮ ತಪ್ಪೊಂದನ್ನು ಮುಚ್ಚಿಡುವುದು ಸರಿಯಲ್ಲ. ಹಲವು ವರ್ಷಗಳ ಹಿಂದೆ ಮಳವಳ್ಳಿಯ ಕಡೆಯ ಹಳ್ಳಿಯೊಂದರಲ್ಲಿ ಹಿರಿಯ ನೀಲಗಾರರೊಬ್ಬರ ಹಾಡನ್ನು ಕೇಳಲು ಹೋಗಿದ್ದೆವು. ಬೆಳಗಿನ ಜಾವದವರೆಗೂ ಕೇಳಿದೆವು. ಕಲ್ಯಾಣದ ಬಾಗಿಲಿನ ಕಥೆ ಬಂದಾಗ ಕಣ್ಣು ಒದ್ದೆಯಾಯಿತು. ಹಾಡು ಮುಗಿದ ಮೇಲೆ ಆ ಹಿರಿಯರು, “ದಣಿದಿದ್ದೀರಿ ಸ್ವಾಮಿ, ನೀರು ಕುಡೀರಿ” ಎಂದು ಚೊಂಬನ್ನು ಮುಂದೆ ಹಿಡಿದರು. ನಮ್ಮ ಕೈ ಒಂದು ಗಳಿಗೆ ತಡೆಯಿತು. ಒಂದೇ ಗಳಿಗೆ. ಅವರಿಗೆ ಅದು ತಿಳಿಯಿತು. ಏನನ್ನೂ ಆಡದೆ ಚೊಂಬನ್ನು ಜಗಲಿಯ ಮೇಲಿಟ್ಟು ತಂಬೂರಿಯ ತಂತಿಯನ್ನು ಸಡಿಲಿಸತೊಡಗಿದರು. ನಾವು ಆ ನೀರನ್ನು ಆಮೇಲೆ ಕುಡಿದೆವು. ಆದರೆ ಕುಡಿಯಬೇಕಾದ ಹೊತ್ತು ಕಳೆದುಹೋಗಿತ್ತು. ಅದ್ವೈತದ ಮೇಲೆ ಎಷ್ಟೋ ಭಾಷಣಗಳನ್ನು ಮಾಡಿದ ಈ ನಾಲಗೆಗಿಂತ ತಡೆದ ಆ ಕೈ ನಮ್ಮನ್ನು ಹೆಚ್ಚು ಚೆನ್ನಾಗಿ ಬಲ್ಲುದಾಗಿತ್ತು.

ಆದುದರಿಂದಲೇ ಪರೀಕ್ಷೆ ಮಾತಿನಲ್ಲಿಲ್ಲ, ಪಂಕ್ತಿಯಲ್ಲಿದೆ ಎನ್ನುತ್ತೇವೆ. ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಪುಷ್ಯಮಾಸದ ಹುಣ್ಣಿಮೆಗೆ ಐದು ದಿನ ಜಾತ್ರೆ. ಅಲ್ಲಿಯ ದೊಡ್ಡ ಸೇವೆಯ ಹೆಸರು ಪಂಕ್ತಿಸೇವೆ. ಹಲವು ಕುಲಗಳ ಒಕ್ಕಲುಗಳು ಬಯಲಿನಲ್ಲಿ ಬಿಡಾರ ಹೂಡಿ, ಅಡುಗೆ ಮಾಡಿ, ಸಾಲಾಗಿ ಕುಳಿತು ಉಣ್ಣುತ್ತಾರೆ. ಉಣ್ಣುವುದೇ ಅಲ್ಲಿ ಪೂಜೆ.

ಈ ಚಿಕ್ಕಲ್ಲೂರಿನ ವಿಷಯದಲ್ಲಿ ಕನ್ನಡಿಗರು ಮರೆಯಬಾರದ ಸಂಗತಿಯೊಂದುಂಟು. ಕೊಳ್ಳೇಗಾಲದ ಸೀಮೆ 1956ರವರೆಗೂ ಮದರಾಸಿನ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗುರುವಿನ ಗದ್ದುಗೆ ಮೈಸೂರು ಸಂಸ್ಥಾನದಲ್ಲಿ, ಶಿಷ್ಯನ ಗದ್ದುಗೆ ಮದರಾಸು ಪ್ರಾಂತದಲ್ಲಿ! ನಡುವೆ ಕಾವೇರಿ. ಆದರೂ ನೀಲಗಾರರು ಹೊಳೆ ದಾಟಿ ಹಾಡಿದರು. ಒಕ್ಕಲುಗಳು ಹೊಳೆ ದಾಟಿ ಉಂಡರು. 1956ರ ನವೆಂಬರ್ 1ರಂದು ಸರ್ಕಾರವು ಒಂದುಗೂಡಿಸಿದ ನಾಡನ್ನು ಆ ಹಾಡು ಅದಕ್ಕೂ ಎಷ್ಟೋ ಮೊದಲೇ ಒಂದುಗೂಡಿಸಿತ್ತು.

ಅಹಂಕಾರವನ್ನು ಬಿಟ್ಟವನು ಕೈಲಾಗದವನಾಗುತ್ತಾನೆಂದು ಕೆಲವರು ಅಂಜುತ್ತಾರೆ. ಅವರು ಮದ್ದೂರಿನ ಬಳಿಯ ಶಿವಪುರವನ್ನು ನೆನೆಯಲಿ. 1938ರ ಏಪ್ರಿಲ್‌ನಲ್ಲಿ ಶಿಂಷಾ ನದಿಯ ತೀರದ ಆ ಊರಿನಲ್ಲಿ, ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ, ಪ್ರತಿಬಂಧಕಾಜ್ಞೆಯನ್ನು ಮೀರಿ ಧ್ವಜವನ್ನು ಏರಿಸಿದರು. ಮುಂದಾಳುಗಳನ್ನು ದಸ್ತಗಿರಿ ಮಾಡಿದರೂ ಕೆಲಸ ನಿಲ್ಲಲಿಲ್ಲ. ಸಾವಿರಾರು ಮಂದಿ ಸೇರಿದ್ದ ಆ ಬಯಲಿನಲ್ಲಿ ಏರಿಸುವ ಕೈ ಯಾರದೆಂಬುದಕ್ಕಿಂತ ಧ್ವಜ ಏರುವುದು ದೊಡ್ಡದಾಗಿತ್ತು. ‘ನಾನು’ ಕರಗಿದಲ್ಲಿ ಬಲ ಕುಂದುವುದಿಲ್ಲ. ಹಲವರ ಬಲ ಒಂದಾಗುತ್ತದೆ.

ಈಗ ಈ ಸಭೆಯಲ್ಲಿರುವ ಉಪಾಧ್ಯಾಯ ಬಂಧುಗಳಿಗೆ ಒಂದು ಮಾತು. 2002ರಲ್ಲಿ ಆರಂಭವಾದ ಶಾಲೆಯ ಮಧ್ಯಾಹ್ನದ ಊಟಕ್ಕೆ ಸರ್ಕಾರವು ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಹೆಸರು ಕಲ್ಯಾಣದಿಂದ ಬಂದಿದೆ. ಕಲ್ಯಾಣದ ಬಾಗಿಲಿನ ಪರೀಕ್ಷೆಯೂ ಅದರೊಡನೆ ಬಂದಿದೆ. ಮಕ್ಕಳ ಸಾಲಿನ ತುದಿಯಲ್ಲಿ ಒಂದು ಮಗು ಸ್ವಲ್ಪ ದೂರ ಸರಿದು ಕುಳಿತಿದೆಯೆ? ಅಡುಗೆ ಮಾಡಿದವಳ ಕುಲವನ್ನು ಕೇಳಿ ಯಾವ ಮನೆಯವರಾದರೂ ತಮ್ಮ ಮಗುವಿಗೆ ಬೇರೆ ಬುತ್ತಿ ಕಟ್ಟಿ ಕಳುಹಿಸುತ್ತಿದ್ದಾರೆಯೆ? ನೋಡಿರಿ. ಅಲ್ಲಿ ಉಪದೇಶ ಬೇಡ, ಭಾಷಣವಂತೂ ಬೇಡವೇ ಬೇಡ. ತಟ್ಟೆ ಹಿಡಿದು ಹೋಗಿ ಆ ಮಗುವಿನ ಪಕ್ಕದಲ್ಲಿ ಕುಳಿತು ಉಣ್ಣಿರಿ. ನಾಲ್ಕು ದಿನ ಹಾಗೆ ಉಂಡರೆ ಸಾಲು ತಾನಾಗಿ ಕೂಡಿಕೊಳ್ಳುತ್ತದೆ.

ನಕಾಶೆಯ ಮೇಲಿನ ಗಡಿ ಅಳಿಸಿದುದು ಹಿರಿಯರ ಕೆಲಸ, ಅದು ಆಗಿದೆ. ಎಲೆಯಿಂದ ಎಲೆಗೆ ನಡುವೆ ಉಳಿದಿರುವ ಗಡಿಯನ್ನು ಅಳಿಸುವುದು ನಮ್ಮ ಕೆಲಸ. ಈ ಸಭೆಯಿಂದ ಎದ್ದು ಹೋಗುವವರಿಗೆ ನಾಳೆಯೋ ನಾಡಿದ್ದೋ ಯಾರಾದರೊಬ್ಬರು ಒಂದು ಚೊಂಬು ನೀರನ್ನು ಮುಂದೆ ಹಿಡಿದಾರು. ಆಗ ನಮ್ಮ ಕೈ ತಡೆದಂತೆ ನಿಮ್ಮ ಕೈ ತಡೆಯದಿರಲಿ.